ದಾಮೋದರನ ನಂತರದ ಹೆಸರು

ಪಾರ್ವತೀಬಾಯಿಯ ಮನೆಯಲ್ಲಿ ಮಕ್ಕಳನ್ನು ಎಣಿಸುತ್ತಿರಲಿಲ್ಲ. ದೇವರು ಕೊಟ್ಟದ್ದನ್ನು ಬೆರಳು ಮಡಚಿ ಲೆಕ್ಕ ಹಾಕಿದರೆ ದೃಷ್ಟಿ ತಗಲುತ್ತದೆ ಎಂದು ಅತ್ತೆ ಅನಸೂಯಾಬಾಯಿ ಹೇಳಿದ್ದರು. ಅವರಿಗೆ ಅವರ ಅತ್ತೆ ಹೇಳಿದ್ದರು. ಆದರೆ ಮನೆ ತುಂಬ ಮಕ್ಕಳಿರುವಾಗ, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಒಳಗೆ ಬಂದರೋ ಇಲ್ಲವೋ ತಿಳಿಯುವುದು ಹೇಗೆ? ಕಲಬುರಗಿಯ ಬ್ರಹ್ಮಪುರದ ಆ ಮನೆಯ ಹೆಂಗಸರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಗಂಡಸರು ಸಂಧ್ಯಾವಂದನೆಗೆ ಕೂತಾಗ ಆಚಮನ ಮಾಡುತ್ತ ಹೇಳುವ ವಿಷ್ಣುವಿನ ಹೆಸರುಗಳಿವೆಯಲ್ಲ, ಅವನ್ನೇ ಒಂದೊಂದು ತಲೆಯ ಮೇಲೆ ಇಡುತ್ತ ಹೋಗುವುದು. ಎಲ್ಲರಿಗಿಂತ ದೊಡ್ಡವನಿಗೆ ಕೇಶವ, ಅವನ ಕೆಳಗಿನದಕ್ಕೆ ನಾರಾಯಣ, ಆಮೇಲೆ ಮಾಧವ, ಗೋವಿಂದ. ಗಂಡು ಹೆಣ್ಣೆಂಬ ಭೇದವಿಲ್ಲ. ಕೈ ತಲೆಗೆ ತಾಗಿದ ಕೂಡಲೆ ಆ ಮಗು "ಓ" ಅನ್ನಬೇಕು. ಪಾರ್ವತೀಬಾಯಿಯ ಕಾಲಕ್ಕೆ ಹೆಸರುಗಳು ದಾಮೋದರನ ಹತ್ತಿರ ಬಂದು ನಿಲ್ಲುತ್ತಿದ್ದವು. ದಾಮೋದರ "ಓ" ಅಂದನೆಂದರೆ ಮನೆ ತುಂಬಿತು, ಬಾಗಿಲು ಹಾಕಬಹುದು.

ಆ ತಲೆಗಳೆಲ್ಲ ಒಂದೇ ಒಡಲಿನವಲ್ಲ. ಪಾರ್ವತೀಬಾಯಿ ಹೆತ್ತವು ಕೆಲವು. ಗಂಡ ನರಹರಿರಾಯರ ತಂಗಿ ತೀರಿಕೊಂಡ ಮೇಲೆ ಬಂದು ಸೇರಿದವು ಕೆಲವು. ಶಾಲೆ ಕಲಿಯಲೆಂದು ಹಳ್ಳಿಯಿಂದ ಬಂದು ಮನೆಯವನೇ ಆಗಿಹೋದ ಹುಡುಗನೊಬ್ಬ. ಮತ್ತೆ ಮೈದುನ ಮುಕುಂದನ ಇಬ್ಬರು ಹೆಣ್ಣುಮಕ್ಕಳು, ವೇಣೂ ಮತ್ತು ಚಂದ್ರಿ. ಚಂದ್ರಿಯನ್ನು ಹೆತ್ತ ಬಾಣಂತಿಕೋಣೆಯಿಂದ ಅವರ ತಾಯಿ ಜೀವಂತವಾಗಿ ಹೊರಗೆ ಬರಲಿಲ್ಲ. ರಜಾಕಾರರ ಹಾವಳಿ ಏರಿದಾಗ ಮುಕುಂದ ಗಡಿ ದಾಟಿ, ನಿಜಾಮರ ವಿರುದ್ಧ ಹೋರಾಡುವವರು ಸೊಲ್ಲಾಪುರದ ಕಡೆ ಹೂಡಿದ್ದ ಶಿಬಿರ ಸೇರಿಕೊಂಡ. ಹೊರಟ ಮುಂಜಾನೆ ನಿದ್ದೆಯಲ್ಲಿದ್ದ ಚಂದ್ರಿಯನ್ನು ಎತ್ತಿ ಅತ್ತಿಗೆಯ ಮಡಿಲಿಗೆ ಹಾಕಿ, "ವೈನೀ, ಇಕಿನ್ನ ನಿಮ್ಮ ಕೈಯಾಗ ಕೊಟ್ಟೀನಿ" ಎಂದಷ್ಟೇ ಹೇಳಿದ್ದ.

ವೈನಿ ಎಂದರೆ ಅತ್ತಿಗೆ. ಪಾರ್ವತೀಬಾಯಿ ಮದುವೆಯಾಗಿ ಬಂದಾಗ ಮುಕುಂದ ಇನ್ನೂ ಅಂಗಳದಲ್ಲಿ ಗೋಲಿ ಆಡುವ ಹುಡುಗ. ಆ ಮನೆಯಲ್ಲಿ ಅವಳು ಮೊದಲು ತಲೆ ಬಾಚಿದ್ದು, ತುತ್ತು ಇಟ್ಟದ್ದು ಅವನಿಗೇ. ಅವನು ವೈನೀ ಅಂದದ್ದನ್ನು ಕೇಳಿ ಕೇಳಿ, ಅವಳ ಸ್ವಂತ ಮಕ್ಕಳೂ ಅವಳನ್ನು ಅವ್ವಾ ಅನ್ನುವುದು ಬಿಟ್ಟು ವೈನೀ ಎಂದೇ ಕೂಗತೊಡಗಿದವು. ಅವಳು ಎಲ್ಲ ಮಕ್ಕಳಿಗೂ ವೈನಿಯಾದಳು. ಅದರಲ್ಲಿ ಒಂದು ಅನುಕೂಲವೂ ಇತ್ತು: ಕರೆಯುವ ದನಿಯಿಂದ ಯಾವುದು ಹೆತ್ತದ್ದು, ಯಾವುದು ಹೊತ್ತದ್ದು ಎಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಪೇಟೆಯಲ್ಲಿ ಗಲಾಟೆ ಹೆಚ್ಚಾದಾಗ ನರಹರಿರಾಯರು ಮನೆಮಂದಿಯನ್ನೆಲ್ಲ ಅನಸೂಯಾಬಾಯಿಯ ತವರಾದ ಕಮಲಾಪುರಕ್ಕೆ ಸಾಗಿಸಿದ್ದರು. ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂದು ನಿಜಾಮರ ಕಾಲ ಮುಗಿದರೂ, ದಾರಿಗಳು ತಣ್ಣಗಾಗಲೆಂದು ಕಾದರು. ಮಾರ್ಗಶಿರದಲ್ಲಿ ಮುಕುಂದನ ಸುದ್ದಿ ಬಂತು. ಗಡಿ ಶಿಬಿರ ಮುಚ್ಚಿದ ಮೇಲೆ ಜ್ವರ ಹಿಡಿದು ಸೊಲ್ಲಾಪುರದಲ್ಲೇ ಬಿದ್ದಿದ್ದನಂತೆ. ಈಗ ಗುಣವಾಗಿದೆ, ನಾಡಿದ್ದು ಸಂಜೆಯ ರೈಲಿಗೆ ಕಲಬುರಗಿಗೆ ಬರುತ್ತಾನೆ. ಮಕ್ಕಳನ್ನು ನೋಡಬೇಕು ಎಂದು ಹೇಳಿ ಕಳಿಸಿದ್ದ. ಮರುದಿನ ಬೆಳಗಿನ ಜಾವವೇ ಎರಡು ಗಾಡಿ ಕಟ್ಟಿಸಿದರು.

ಮುಂದಿನ ಕಮಾನು ಗಾಡಿ ಮೈಬೂಬನದು. ಅವನಿಗೆ ಬಿಳಿ ಗಡ್ಡ, ಎತ್ತುಗಳ ಜೊತೆ ಮಾತ್ರ ಮಾತಾಡುವ ಸ್ವಭಾವ. ಬಾಡಿಗೆ ಎಷ್ಟು ಅಂದಾಗ ಅವನು, "ಹುಡುಗರು ಮಕ್ಕಳು ತುಂಬಿದ್ದ ಗಾಡಿ ಹೊಡ್ಕೊಂಡು ಹೋಗೂದಂದ್ರ ನನಗೂ ಧೈರ್ಯ್ರಿ ಬಾಯಿ. ಹೆಚ್ಚಿಗಿ ಏನೂ ಬ್ಯಾಡ್ರಿ" ಎಂದಿದ್ದ. ಆ ಮಳೆಗಾಲದ ಕೊನೆಗೆ, ಫೌಜು ಬಂದ ಮೇಲೆ, ಕೆಲವು ಊರುಗಳಲ್ಲಿ ಅವನಂಥ ಮುಸಲ್ಮಾನರಿಗೆ ಏನಾಯಿತೆಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಆ ಗಾಡಿಯಲ್ಲಿ ಪಾರ್ವತೀಬಾಯಿ, ಕಣ್ಣಿಗೆ ಪೊರೆ ಬಂದಿದ್ದ ಅನಸೂಯಾಬಾಯಿ, ದೇವರ ಪೆಟ್ಟಿಗೆ, ಒಂದು ಗೊನೆ ಕಮಲಾಪುರದ ಕೆಂಪು ಬಾಳೆಹಣ್ಣು, ಮತ್ತು ಸಣ್ಣ ಮಕ್ಕಳು. ಹಿಂದಿನ ಗಾಡಿಯಲ್ಲಿ ನರಹರಿರಾಯರು, ಭಾಂಡೆ ಸಾಮಾನು, ಮತ್ತು ಕಾಲು ಇಳಿಬಿಟ್ಟು ಕೂತ ದೊಡ್ಡ ಮಕ್ಕಳು: ಪಾರ್ವತೀಬಾಯಿಯ ಹಿರಿಮಗ ಬಂಡು, ಮುಕುಂದನ ಹಿರಿಮಗಳು ವೇಣೂ.

ಮಧ್ಯಾಹ್ನ ಮಹಾಗಾಂವದ ಹತ್ತಿರ ಹಳ್ಳದ ದಂಡೆಯಲ್ಲಿ ಗಾಡಿ ಬಿಟ್ಟರು. ಆ ದಿನಗಳಲ್ಲಿ ಎಲ್ಲರೂ ತಮ್ಮ ತಮ್ಮ ಊರಿಗೆ ಮರಳುವವರೇ. ದಂಡೆಯ ಮೇಲೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಗಾಡಿಗಳು ನಿಂತಿದ್ದವು. ಪಾರ್ವತೀಬಾಯಿ ಹಾಲಿನಲ್ಲಿ ಕಲಸಿ ಬೇಯಿಸಿದ್ದ ದಶಮಿ ರೊಟ್ಟಿ ಹಂಚಿದಳು. ಮಕ್ಕಳು ತಿಂದ ಕೈ ತೊಳೆಯಲು ಹಳ್ಳಕ್ಕೆ ಇಳಿದವರು ಮೇಲೆ ಬರಲಿಲ್ಲ. ಉಸುಕಿನಲ್ಲಿ ಎಲ್ಲ ಗಾಡಿಗಳ ಮಕ್ಕಳೂ ಕಲೆತು ಒಂದೇ ಹಿಂಡಾಗಿ ಗುಬ್ಬಿಗೂಡು ಕಟ್ಟುತ್ತಿದ್ದವು.

ಆಗ ಫೌಜಿನ ಲಾರಿಗಳು ಬಂದವು. ಬೀದರಿನ ಕಡೆ ಹೊರಟ ಖಾಲಿ ಲಾರಿಗಳೇ ಇರಬಹುದು. ಆದರೆ ಧೂಳೆದ್ದು ಹಗಲು ಕಂದಾಯಿತು, ಎತ್ತುಗಳು ಬೆದರಿದವು, ತಾಯಂದಿರು ಕೂಗಿದರು. "ಜಲ್ದಿ ಹತ್ರಿ ಬಾಯಿ, ಜಲ್ದಿ!" ಎಂದು ಮೈಬೂಬ ನೊಗ ಹೂಡಿಯೇಬಿಟ್ಟ. ಕೈಗೆ ಸಿಕ್ಕವರು ಕೈಗೆ ಸಿಕ್ಕ ಮಕ್ಕಳನ್ನು ಎತ್ತಿ ಎತ್ತಿ ಗಾಡಿಗೆ ತುಂಬಿದರು. ಸಣ್ಣವು ಹೆದರಿ ಕೌದಿಯೊಳಗೆ ಮುಖ ಹುದುಗಿಸಿದವು. ಅಂಥ ಗದ್ದಲದಲ್ಲೂ ಪಾರ್ವತೀಬಾಯಿ ಮರೆಯಲಿಲ್ಲ. ಹಿಂದಿನ ಗಾಡಿಗೆ ಓಡಿ ಕೇಶವ, ನಾರಾಯಣ, ಮಾಧವ. ಮುಂದಿನ ಗಾಡಿಗೆ ಬಂದು ವಾಮನ, ಶ್ರೀಧರ, ಹೃಷೀಕೇಶ. ಕೊನೆಗೆ ಅತ್ತೆಯ ತೊಡೆಯ ಮೇಲಿನ ಕೌದಿಯ ಉಂಡೆಯ ಮೇಲೆ ಕೈ ಇಟ್ಟು "ದಾಮೋದರ" ಅಂದಳು. ಒಳಗಿನಿಂದ ಸಣ್ಣ ದನಿಯಲ್ಲಿ "ಓ" ಎಂದು ಬಂತು.

"ನಡೀರಿ" ಅಂದಳು. ಗಾಡಿ ಹೊರಟಿತು.

ಅನಸೂಯಾಬಾಯಿ ದಾರಿಯುದ್ದಕ್ಕೂ ತೊಡೆಯ ಮೇಲಿನ ತಲೆ ಸವರುತ್ತ, "ಮಲಗs ಚಂದ್ರೀ, ನಾಳಿ ನಿಮ್ಮಪ್ಪ ಬರ್ತಾನ" ಎಂದು ಹೇಳುತ್ತ ಬಂದರು. ಆ ತಲೆ ಅಲ್ಲಾಡಲಿಲ್ಲ.

ಬ್ರಹ್ಮಪುರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಹಳ್ಳದ ದಂಡೆಯಲ್ಲೇ ಹೆಸರುಗಳಾಗಿದ್ದವು, ಮತ್ತೆ ತಲೆ ಮುಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಮುಚ್ಚಿದ ಮನೆ ತೆರೆದು, ಕಸ ಹೊಡೆದು, ನೀರು ತಂದು, ಪಾರ್ವತೀಬಾಯಿ ಮಡಿಯುಟ್ಟು ಅನ್ನ ಮಾಡಿದಳು. ಪೆಟ್ಟಿಗೆಯಿಂದ ವಿಠ್ಠಲನನ್ನು ಇಳಿಸಿ ನೈವೇದ್ಯ ತೋರಿಸಿದಳು. ಎಣ್ಣೆ ಸಿಗದ ಕಾಲ; ಇದ್ದ ಒಂದು ಕಂದೀಲು ಅಡಿಗೆಮನೆಯ ಗೂಟಕ್ಕೆ. ಆಯಾಸದ ದಿನಗಳಲ್ಲಿ ಅವಳು ಎಲೆ ಹಾಕುತ್ತಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಮೊಸರನ್ನ ಕಲಸಿ ನಡುವೆ ಕೂರುವಳು. ಮಕ್ಕಳು ಸುತ್ತ ಕೂತು ಕೈ ಚಾಚುವವು. ಅವಳು ಒಂದೊಂದು ಅಂಗೈಗೆ ಒಂದೊಂದು ತುತ್ತು ಇಡುತ್ತ ತಿರುಗುವಳು. ಮುಖ ನೋಡುವ ಅಗತ್ಯವಿಲ್ಲ. ಅಂಗೈಗಳೆಲ್ಲ ಅವಳಿಗೆ ಗುರುತು. ಮಸಿ ಹತ್ತಿದ್ದು ಬಂಡೂನದು, ಒದ್ದೆಯಾದದ್ದು ಶ್ರೀಧರನದು, ಎರಡು ಸಲ ಚಾಚುವುದು ಗೋವಿಂದನದು.

ಎರಡನೆಯ ಸುತ್ತಿಗೆ ಅವಳ ಕೈ ನಿಂತಿತು. ಒಂದು ಸಣ್ಣ ಅಂಗೈ ತುತ್ತನ್ನು ತೆಗೆದುಕೊಂಡು ಅರ್ಧ ಮಾತ್ರ ಬಾಯಿಗೆ ಇಟ್ಟಿತು. ಉಳಿದರ್ಧ ಲಂಗದ ಮಡಿಕೆಯೊಳಗೆ ಹೋಯಿತು. ಮೂರನೆಯ ಸುತ್ತಿಗೂ ಹಾಗೆಯೇ.

ಪಾರ್ವತೀಬಾಯಿಗೆ ಹುಡುಗಿಯಾಗಿದ್ದಾಗಿನಿಂದಲೂ ಏನಾದರೂ ಹೊಸತು ಕಂಡರೆ ಬಗೆಹರಿಸಿಯೇ ಮುಂದೆ ಹೋಗಬೇಕು. ಈ ಮನೆಯಲ್ಲಿ ಪಕ್ಕದ ಅಂಗೈಯಿಂದ ಕಸಿಯುವವರಿದ್ದಾರೆ, ಇನ್ನೂ ಬೇಕೆಂದು ಅಳುವವರಿದ್ದಾರೆ. ಉಳಿಸಿ ಕಟ್ಟಿಕೊಳ್ಳುವುದನ್ನು ಯಾರು ಕಲಿತರು? ಕಂದೀಲನ್ನು ತಗ್ಗಿಸಿ ನೋಡಿದಳು.

ಚಂದ್ರಿಯಷ್ಟೇ ಎತ್ತರ, ಚಂದ್ರಿಯಷ್ಟೇ ವಯಸ್ಸು. ದುಂಡು ಮುಖ, ಅಗಲ ಕಣ್ಣು, ಕೊರಳಲ್ಲಿ ಕರಿದಾರ. ಚಂದ್ರಿಯಲ್ಲ.

"ಚಂದ್ರಿ ಎಲ್ಲೆ?" ಅಂದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದವು. ಬಂಡು ಎದ್ದು ಹಿತ್ತಲು, ಪಡಸಾಲೆ, ಗಾಡಿ ಬಿಟ್ಟ ಜಾಗ ಎಲ್ಲ ನೋಡಿ ಬಂದ. ಇಲ್ಲ. ವೇಣೂ ಮಾತ್ರ ಕೂತಲ್ಲಿಂದ ಏಳಲಿಲ್ಲ. ಹದಿಮೂರರ ಹುಡುಗಿ, ಅಂಗೈಯಲ್ಲಿನ ತುತ್ತನ್ನು ತಿರುಗಿ ಪಾತ್ರೆಯ ಅಂಚಿಗೆ ಇಟ್ಟಳು.

"ನಿಮ್ಮವರೆಲ್ಲಾ ಬಂದಾರಲ್ಲ, ವೈನೀ" ಅಂದಳು.

ಆ ಮನೆಯಲ್ಲಿ ಆವರೆಗೆ ಆಡಿರದ ಮಾತು ಅದು. ಪಾರ್ವತೀಬಾಯಿ ಮಡಿಸೆರಗಿನಿಂದ ಹಣೆ ಒರೆಸಿಕೊಂಡಳು. ನಾಳೆ ಸಂಜೆ ಮುಕುಂದ ರೈಲಿನಿಂದ ಇಳಿಯುತ್ತಾನೆ. ಮಕ್ಕಳನ್ನು ನೋಡಬೇಕು ಅಂದಿದ್ದಾನೆ. ಹೆತ್ತವಳಾಗಿದ್ದರೆ ಕೌದಿಯ ಮೇಲಿಂದ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲವೆ ಎಂದು ಅವನು ಕೇಳಿದರೆ? ಅವನು ಕೇಳದಿದ್ದರೂ, ತನಗೇ ಆ ಪ್ರಶ್ನೆ ಎದ್ದಿದೆಯಲ್ಲ.

ನರಹರಿರಾಯರು ಹೊರಗಿನಿಂದ ಬಂದು ಕೂತರು. ಹೊಸ ಹುಡುಗಿಯನ್ನು ನಡುವೆ ನಿಲ್ಲಿಸಿ ವಿಚಾರಣೆ ಶುರುವಾಯಿತು.

"ನಿನ್ನ ಹೆಸರೇನ, ಕೂಸ?"

"ಶೇವಂತಾ."

"ನಿಮ್ಮಪ್ಪನ ಹೆಸರು?"

"ಅಪ್ಪಾ."

"ಅವ್ವನ ಹೆಸರು?"

"ಅವ್ವಾ."

"ಊರು ಯಾವೂರು?"

"ನಮ್ಮೂರು."

"ಶಾಣ್ಯಾ ಅದಾಳ" ಅಂದ ಬಂಡು. "ಕೇಳಿದ್ದಕ್ಕೆಲ್ಲಾ ಖರೇ ಉತ್ತರ ಕೊಟ್ಲು. ನಮಗ ಅಷ್ಟs ಏನೂ ತಿಳೀಲಿಲ್ಲ."

"ಬಾಯಿ ಮುಚ್ಚೋ" ಅಂದರು ನರಹರಿರಾಯರು. ಆದರೆ ಹುಡುಗಿ ಬಂಡೂನ ಕಡೆ ನೋಡಿ ಸಣ್ಣಗೆ ನಕ್ಕಳು. ಅದು ಅವಳ ಮೊದಲ ನಗು.

ಪಾರ್ವತೀಬಾಯಿ ಮೆಲ್ಲಗೆ ಕೇಳಿದಳು: "ಆ ಅನ್ನ ಯಾಕ ಕಟ್ಟಿಕೊಂಡಿ?"

"ತಮ್ಮಗ."

ಅನಸೂಯಾಬಾಯಿ ಗೋಡೆಗೆ ಒರಗಿ ಇದನ್ನೆಲ್ಲ ಕೇಳುತ್ತಿದ್ದರು. "ಎಲ್ಲೀ ಕೂಸೋ, ಯಾರ ಕೂಸೋ. ಪಂಕ್ತಿಯೊಳಗ ಕೂತು ನೈವೇದ್ಯದ ಅನ್ನ ಉಂಡಾಳ. ನಿನಗಾದ್ರೂ ತಿಳೀಬಾರದೇನ, ಪಾರ್ವತೀ?"

"ಆಯೀ, ದಾರಿ ತುಂಬಾ ನಿಮ್ಮ ತೊಡಿ ಮ್ಯಾಲೇ ಮಲಗಿದ್ಲು" ಅಂದ ಬಂಡು.

ಮುದುಕಿ, "ಇಲ್ಲಿ ಕರಕೊಂಡ ಬಾ ಅಕೀನ್ನ" ಅಂದರು. ಹುಡುಗಿಯ ಲಂಗದ ತುದಿ ಹಿಡಿದು ಮೂಗಿಗೆ ಒಡ್ಡಿದರು. "ದಾರಿ ತುಂಬಾ ಈ ವಾಸನಿ ಬರ್ತಿತ್ತು. ನಮ್ಮಣ್ಣ ಕೊಟ್ಟ ಗೊನೀದು ಅಂತ ತಿಳಕೊಂಡಿದ್ದೆ. ಇದು ಹಣ್ಣಿನ ವಾಸನಿ ಅಲ್ಲವಾ. ಬಾಳಿದಿಂಡು ಕಡದಾಗ ಸೋರ್ತದಲ್ಲ, ಆ ಕರೀದು. ಬಟ್ಟಿ ಮ್ಯಾಲೆ ಕಂದು ಕಲಿ ಅದಾವೇನು ನೋಡು."

ಕಂದೀಲಿನ ಬೆಳಕಿಗೆ ಹಿಡಿದರು. ಲಂಗದ ಮೇಲೆ, ಕುಪ್ಪಸದ ಭುಜದ ಮೇಲೆ, ಎಷ್ಟು ಒಗೆದರೂ ಹೋಗದ ಕಂದು ಕಲೆಗಳು.

"ಅದಾವ್ರಿ ಅತ್ಯಾ."

"ಮತ್ತ? ನಮ್ಮೂರ ಬಾಳಿತ್ವಾಟದಾಗ ಕೆಲಸ ಮಾಡೋರ ಕೂಸು. ಊರ ಹೊರಗಿನ ಕೇರಿಯವರು." ಮುದುಕಿ ಲಂಗ ಬಿಟ್ಟು ಕೈಯನ್ನು ಗಾಳಿಯಲ್ಲಿ ಹಾಗೆಯೇ ಹಿಡಿದರು, ಎಲ್ಲಿ ಒರೆಸಬೇಕೆಂದು ತಿಳಿಯದವರಂತೆ.

ಬಂಡೂನಿಗೆ ನೆನಪಾಯಿತು. ಹಳ್ಳದ ದಂಡೆಯಲ್ಲಿ ಪಕ್ಕದಲ್ಲೇ ಒಂದು ತಟ್ಟಿಯ ಗಾಡಿ ಇತ್ತು, ಮಕ್ಕಳು ಬಹಳ, ಅದರ ಮುಖ ಇವರು ಬಂದ ದಾರಿಗೇ ಇತ್ತು. ಹಾಗಾದರೆ ಚಂದ್ರಿ ಕಮಲಾಪುರಕ್ಕೆ ಹಿಂದಿರುಗಿದ್ದಾಳೆ. ಅಥವಾ ಹಳ್ಳದ ಉಸುಕಿನಲ್ಲೇ ಉಳಿದಿದ್ದಾಳೆ. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

"ನಾಳೆ ಮುಂಜಾನೆ ಹುಮನಾಬಾದ ಮೋಟಾರಿಗೆ ನಾ ಕಮಲಾಪುರಕ್ಕ ಹೋಗ್ತೀನಿ" ಅಂದಳು ಪಾರ್ವತೀಬಾಯಿ ಗಂಡನಿಗೆ. "ನೀವು ಸ್ಟೇಷನ್ನಿಗೆ ಹೋಗಬೇಕು. ಬಂಡು ನನ್ನ ಕೂಡ ಬರ್ತಾನ. ವೇಣೂನೂ ಬರಲಿ."

"ಮತ್ತ ಈ ಪಂಕ್ತಿ ವಿಚಾರ?" ಅಂದರು ಅನಸೂಯಾಬಾಯಿ.

"ಅತ್ಯಾ, ನಾ ಇಕಿ ತಲಿ ಮ್ಯಾಲೆ ಕೈ ಇಟ್ಟು ದಾಮೋದರ ಅಂದೀನಿ. ಇಕಿ ಓ ಅಂದಾಳ. ಆ ಹೆಸರು ತಿರುಗಿ ಹೆಂಗ ತಗೋಲಿ? ನನಗ ಗೊತ್ತಿಲ್ಲ. ನಿಮಗ ಗೊತ್ತಿದ್ರ ಹೇಳ್ರಿ."

ಅವಳು ವಾದಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದಳು. ಅತ್ತೆ ಆ ಥಂಡಿಯಲ್ಲಿ ಬಾವಿಯ ನೀರು ಸುರುವಿಕೊಂಡು ಸ್ನಾನ ಮಾಡಿ ಬಂದರು. ಆದರೆ ಮಲಗುವ ಮುಂಚೆ ತಮ್ಮ ಮೆತ್ತನೆಯ ಹಳೇ ಸೀರೆಯ ಕೌದಿಯನ್ನು ಬಂಡೂನ ಕೈಯಲ್ಲಿ ಕೊಟ್ಟು, "ಆ ಕೂಸಿಗೆ ಹೊದಿಸು, ಹಲ್ಲು ಕಡ್ಯಾಕತ್ತದ" ಅಂದರು.

ಬೆಳಿಗ್ಗೆ ಹೊರಡುವಾಗ ಮುದುಕಿ ಒಂದು ಗಂಟು ತಂದು ಹೊಸ್ತಿಲ ಮೇಲೆ ಇಟ್ಟರು. ಅವಲಕ್ಕಿ ಬೆಲ್ಲ. "ಅಕಿ ತಮ್ಮಗ. ಹಳಸಿದ ಅನ್ನ ತಿಂದು ಹೊಟ್ಟಿ ಕೆಟ್ಟೀತು" ಎಂದು ಹೇಳಿ, ಇವರು ಬೀದಿ ತಿರುಗುವುದರೊಳಗೆ ಅಂಗಳಕ್ಕೆ ಗೋಮೂತ್ರ ಚಿಮುಕಿಸತೊಡಗಿದರು.

ಮೋಟಾರಿನಲ್ಲಿ ಶೇವಂತಾ ಪಾರ್ವತೀಬಾಯಿಯ ತೊಡೆಯ ಮೇಲೆ ಕೂತು ಹಿಂದೋಡುವ ಜಾಲಿಗಿಡಗಳನ್ನು ನೋಡಿದಳು. ವೇಣೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಹಾಗಾಂವದ ಹಳ್ಳ ಬಂದಾಗ ವೇಣೂ ಅರ್ಧ ಎದ್ದು ನಿಂತಳು. ಉಸುಕಿನಲ್ಲಿ ನಿನ್ನೆಯ ಗುಬ್ಬಿಗೂಡುಗಳು ಹಾಗೆಯೇ ಇದ್ದವು. ಮಕ್ಕಳು ಯಾರೂ ಇರಲಿಲ್ಲ. ಅವಳು ಕೂತಳು. ಪಾರ್ವತೀಬಾಯಿ ತುಟಿಯೊಳಗೇ ವಿಠ್ಠಲನನ್ನು ಕೇಳುತ್ತಿದ್ದಳು: ನಾನು ಎಣಿಸಲಿಲ್ಲ, ನಿನ್ನ ಹೆಸರೇ ಇಟ್ಟೆ. ನೀನಾದರೂ ಮುಖ ನೋಡಬಾರದಿತ್ತೆ? ಅಥವಾ ನೋಡಿಯೇ ಹೀಗೆ ಮಾಡಿದೆಯಾ? ಬೇಡಿಕೊಳ್ಳುವುದಕ್ಕಿಂತ, ಅವನು ಇದಕ್ಕೆ ಏನು ಹೇಳಿಯಾನು ಎಂಬುದೇ ಅವಳಿಗೆ ಹೆಚ್ಚಾಗಿ ಕಾಡುತ್ತಿತ್ತು.

ಕಮಲಾಪುರದಲ್ಲಿ ಇಳಿದ ಕೂಡಲೆ ದಾರಿ ಕೇಳುವ ಕೆಲಸವೇ ಬೀಳಲಿಲ್ಲ. ಶೇವಂತಾ ಕೈ ಬಿಡಿಸಿಕೊಂಡು ಮುಂದೆ ಓಡಿದಳು. ಇವರು ಅವಳ ಹಿಂದೆ. ಊರು ದಾಟಿ, ಕೆಂಪು ಮಣ್ಣಿನ ಕಾಲುದಾರಿ ಇಳಿದು, ಬಾಳೆಯ ತೋಟದ ಬದುವಿನ ಮೇಲೆ ಹಾದು, ಗುಡಿಸಲುಗಳ ಮುಂದೆ ಬಂದರು. ಒಂದು ಗುಡಿಸಲ ಮುಂದೆ ಎತ್ತರದ ಹೆಂಗಸೊಬ್ಬಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುತ್ತ ಮಕ್ಕಳು. ಶೇವಂತಾ ತಾಯಿಯನ್ನು ದಾಟಿ ನೇರ ತೊಟ್ಟಿಲಿಗೆ ಹೋದಳು. ಲಂಗದ ಮಡಿಕೆ ಬಿಚ್ಚಿ ಒಣಗಿ ಮುದ್ದೆಯಾದ ಅನ್ನವನ್ನು ತಮ್ಮನ ಬಾಯಿಗೆ ಹಚ್ಚಿದಳು.

ಹೆಂಗಸಿನ ಕೈಯಲ್ಲಿನ ಹಿಟ್ಟು ಹಾಗೆಯೇ ಕೆಳಗೆ ಬಿತ್ತು. "ಎಲ್ಲಿಗಿ ಹೋಗಿದ್ದ್ಯೇ ನನ್ನವ್ವಾ!" ಎಂದು ಮಗಳನ್ನು ಅಪ್ಪಿ, ಬೆನ್ನಿಗೊಂದು ಗುದ್ದಿ, ಮತ್ತೆ ಅಪ್ಪಿಕೊಂಡಳು. ಅವಳು ಸಾಬಮ್ಮ. ಗಂಡ ಮಾಪಣ್ಣ ನಸುಕಿನಲ್ಲೇ ಹಳ್ಳದ ಕಡೆಗೆ ಹುಡುಕಿಕೊಂಡು ಹೋಗಿದ್ದ.

"ನಮ್ಮ ಕೂಸು?" ಅಂದಳು ಪಾರ್ವತೀಬಾಯಿ.

"ಅದಾಳ್ರಿ ಅವ್ವಾರ, ಅದಾಳ. ತ್ವಾಟದಾಗ ನಮ್ಮ ಹುಡುಗೂರ ಕೂಡ ಆಡಾಕತ್ತಾಳ. ಕೂಡ್ರಿ..." ಎಂದವಳು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಸುತ್ತ ನೋಡಿದಳು. ಪಾರ್ವತೀಬಾಯಿ ಅವಲಕ್ಕಿಯ ಗಂಟನ್ನು ತೊಟ್ಟಿಲ ಹತ್ತಿರ ಇಟ್ಟು, ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತಳು.

"ನಿನಗ ಯಾವಾಗ ತಿಳೀತು?"

"ಮನೀಗಿ ಬಂದು ಇಳಿಸಿದಾಗ್ರಿ. ನಾ ನಮ್ಮವುನ್ನ ಎಣಿಸೂದಿಲ್ಲರಿ. ಹೆಸರು ಹಿಡದು ಕೂಗ್ತೀನಿ, ಓ ಅಂತಾವ. ನಿನ್ನಿ ಹಳ್ಳದಾಗ ಶೇವಂತಾ ಅಂದೆ, ಈ ಕೂಸು ಓ ಅಂತು. ನಾ ಹೊಂಟು ಬಂದೆ. ಆಮ್ಯಾಲೆ ನೋಡಿ, ನಿನ್ನ ಹೆಸರು ಚಂದ್ರಿ ಅಂತಿ, ಶೇವಂತಾ ಅಂದ್ರ ಯಾಕ ಓ ಅಂದ್ಯೆ ಅಂತ ಕೇಳಿದ್ರ, ನಮ್ಮನ್ಯಾಗ ಏನ್ ಅಂದ್ರೂ ಓ ಅನ್ನಬೇಕು ಅಂತದ!"

ಬಂಡು ಬಾಯಿಗೆ ಕೈ ಅಡ್ಡ ಹಿಡಿದ. ಪಾರ್ವತೀಬಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಮನೆಗಳು, ಎರಡೂ ಕಡೆ ಎಣಿಸಬಾರದೆಂಬ ಒಂದೇ ಭಯ.

"ಯಾರ ಮಗಳು ಅಂತ ಕೇಳಲಿಲ್ಲೇನು?" ಇದು ವೇಣೂ. ನಿನ್ನೆಯಿಂದ ಅವಳಾಡಿದ ಎರಡನೆಯ ಮಾತು.

"ಕೇಳ್ದೆನವ್ವಾ. ವೈನಿ ಮಗಳು ಅಂತು. ವೈನಿ ಅಂದ್ರ ಯಾರು ಅಂದೆ. ವೈನಿ ಅಂದ್ರ ವೈನಿ ಅಂತು. ನಿಮ್ಮಪ್ಪ ಯಾರು ಅಂದ್ರ, ನಾಳಿ ಬರ್ತಾನ, ಬಂದ ಮ್ಯಾಲೆ ನೋಡ್ತೀನಿ ಅಂತು." ಸಾಬಮ್ಮ ರೊಟ್ಟಿ ತಿರುವಿ ಹಾಕಿದಳು. "ಉಣ್ಣೂದಕ್ಕೇನೂ ಕಾಡಲಿಲ್ಲರಿ. ಜ್ವಾಳದ ರೊಟ್ಟಿ, ಪುಂಡಿಪಲ್ಯ ಛಲೋ ಉಂಡಳು. ನಮ್ಮ ಕೈಯಾಂದು ಕೊಡಬಾರದು ಅಂತ ಗೊತ್ತದ್ರಿ. ಹಸಿದ ಕೂಸು, ಏನ್ ಮಾಡೂದು? ಆದ್ರ ಮಲಗೂ ಮುಂದ ಭಾಳ ಕಾಡ್ತು. ತಲಿ ಮ್ಯಾಲೆ ಕೈ ಇಡು, ದೇವ್ರ ಹೆಸರು ಹೇಳು ಅಂತದ. ಯಲ್ಲಮ್ಮ ಅಂದೆ. ಅದಲ್ಲ ಅಂತು. ಮರಗಮ್ಮ ಅಂದೆ, ಅದಲ್ಲ. ಮೈಲಾರಲಿಂಗ ಅಂದೆ, ಖ್ವಾಜಾ ಬಂದೇನವಾಜ್ ಅಂದೆ. ನನಗ ಗೊತ್ತಿದ್ದ ದೇವ್ರೆಲ್ಲಾ ಮುಗದ್ರು. ಅದಲ್ಲ, ಅದಲ್ಲ ಅಂತ ಅಳ್ತಾ ಅಳ್ತಾನೇ ಮಲಗ್ತು. ಅದ್ಯಾವ ದೇವ್ರ್ರೀ ನಿಮ್ಮದು?"

ಪಕ್ಕದಲ್ಲಿ ವೇಣೂ ಇದ್ದಕ್ಕಿದ್ದಂತೆ ಪಾರ್ವತೀಬಾಯಿಯ ಸೆರಗಿನ ತುದಿ ಹಿಡಿದುಕೊಂಡಳು. ಸಣ್ಣವಳಿದ್ದಾಗ ಹಾಗೆ ಹಿಡಿಯುತ್ತಿದ್ದಳು.

ಆಗ ಬಾಳೆಯೆಲೆಗಳ ಸಂದಿಯಿಂದ ಮಕ್ಕಳ ಹಿಂಡು ಹೊರಬಂತು. ನಡುವೆ ಚಂದ್ರಿ. ಲಂಗದ ತುಂಬ ಬಾಳೆಯ ಕರೆ. ಪಾರ್ವತೀಬಾಯಿಯನ್ನು ಕಂಡು ನಿಂತಳು. ಓಡಿ ಬರಲಿಲ್ಲ, ಅಳಲಿಲ್ಲ. ಹತ್ತಿರ ನಡೆದು ಬಂದು ತಲೆ ಬಗ್ಗಿಸಿದಳು.

"ನಿನ್ನಿದು ಬಾಕಿ ಅದ, ವೈನೀ. ಅನ್ನು."

"ದಾಮೋದರ" ಅಂದಳು ಪಾರ್ವತೀಬಾಯಿ, ಎರಡೂ ಕೈ ಇಟ್ಟು.

"ಓ."

"ನಂದೂ ಅದs" ಎಂದಳು ಶೇವಂತಾ. ತೊಟ್ಟಿಲ ಹತ್ತಿರದಿಂದ ಬಂದು ಅವಳೂ ತಲೆಯೊಡ್ಡಿ ನಿಂತಿದ್ದಳು. "ನಿನ್ನಿ ನನಗ ಅಂದೀರಿ."

"ಅದು ನಂದು!" ಎಂದಳು ಚಂದ್ರಿ.

ಮಕ್ಕಳು ಜಗಳಕ್ಕೆ ಬಿದ್ದರೆ ಒಂದು ಹಣ್ಣನ್ನು ಎರಡು ಮಾಡಬಹುದು; ಒಂದು ಹೆಸರನ್ನು? ಪಾರ್ವತೀಬಾಯಿ ಕ್ಷಣ ಯೋಚಿಸಿದಳು. ಆ ಮೇಲೆ ಅವಳಿಗೆ ನಗು ಬಂತು. ದೇವರ ಹೆಸರುಗಳೇನು ದಾಮೋದರನಿಗೆ ಮುಗಿದುಹೋಗಿವೆಯೇ? ಮುಗಿದದ್ದು ತನ್ನ ಮನೆಯ ತಲೆಗಳು ಮಾತ್ರ. ಅವಳು ಶೇವಂತಾಳ ತಲೆಯ ಮೇಲೆ ಕೈ ಇಟ್ಟು, ಈವರೆಗೆ ಯಾವ ಮಗುವಿಗೂ ಇಟ್ಟಿರದ ಮುಂದಿನ ಹೆಸರು ಹೇಳಿದಳು: "ಸಂಕರ್ಷಣ."

"ಓ" ಎಂದಳು ಶೇವಂತಾ, ತೃಪ್ತಿಯಿಂದ. ಹೆಸರು ಮೊದಲಿನದಕ್ಕಿಂತ ಉದ್ದವಾಗಿತ್ತು.

ಮೋಟಾರು ಹೊರಡುವ ಹೊತ್ತಾಗಿತ್ತು. ಸಾಬಮ್ಮ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ನೆಲದ ಮೇಲೆ ಇಟ್ಟು ಹಿಂದೆ ಸರಿದಳು. ಪಾರ್ವತೀಬಾಯಿ ಬಗ್ಗಿ ಎತ್ತಿಕೊಳ್ಳಲಿಲ್ಲ. ಕೈ ಚಾಚಿ ನಿಂತಳು. ಸಾಬಮ್ಮ ಅವಳ ಮುಖ ನೋಡಿದಳು, ಅಂಗೈ ನೋಡಿದಳು. ನಿಧಾನವಾಗಿ ಹಣ್ಣನ್ನು ಎತ್ತಿ ಆ ಅಂಗೈಯಲ್ಲಿ ಇಟ್ಟಳು.

ಮುಕುಂದ ಮನೆಗೆ ಬಂದಾಗ ಸಂಜೆ. ಗಡ್ಡ ಬೆಳೆದಿತ್ತು, ಕೆನ್ನೆ ಒಳಸೇರಿತ್ತು. ವೇಣೂ ಅಪ್ಪನನ್ನು ಹಿಡಿದು ಅತ್ತಳು. ಚಂದ್ರಿ ಕಂಬದ ಹಿಂದಿನಿಂದ ನೋಡಿದಳು. ಅಪ್ಪ ಕರೆದರೆ ಬರಲಿಲ್ಲ. ಆದರೆ ಸುದ್ದಿ ಹೇಳದೆ ಇರಲೂ ಆಗಲಿಲ್ಲ.

"ನಾ ನಿನ್ನಿ ಸಾಬವ್ವನ ಮನ್ಯಾಗ ಮಲಗಿದ್ದೆ. ವೈನಿ ನನ್ನ ಬಿಟ್ಟು ಬೇರೇ ಕೂಸು ತಂದಿದ್ಲು."

ಮುಕುಂದ ಅತ್ತಿಗೆಯ ಕಡೆ ನೋಡಿದ. ಪಾರ್ವತೀಬಾಯಿ ಮುಚ್ಚಿಡಲಿಲ್ಲ, ಹಳ್ಳ, ಲಾರಿ, ಕೌದಿ, ತುತ್ತು, ಎಲ್ಲ ಹೇಳಿದಳು. "ಮುಖ ನೋಡಬೇಕಾಗಿತ್ತು, ಮುಕುಂದಾ. ನೋಡಲಿಲ್ಲ. ನೀ ಕೈಯಾಗ ಕೊಟ್ಟು ಹೋದಾಕಿ."

"ಅಲ್ಲಿ ಏನ್ ಉಂಡೆ?" ಎಂದು ಅನಸೂಯಾಬಾಯಿ ನಡುವೆ ಬಾಯಿ ಹಾಕಿದರು.

"ರೊಟ್ಟಿ, ಪುಂಡಿಪಲ್ಯ" ಅಂದಳು ಚಂದ್ರಿ. "ಎರಡು ರೊಟ್ಟಿ."

ಮುದುಕಿ ಜಪಮಣಿ ಸರಿಸಿದರು. "ಇರಲಿ. ಮುಂಜಿ ಮದುವಿ ವಯಸ್ಸು ಬರೂ ತನಕ ಹುಡುಗೂರಿಗೆ ಮೈಲಿಗಿ ಇಲ್ಲ."

"ನಿನ್ನಿ ಶೇವಂತಾ ಉಂಡಾಗ ಈ ಶಾಸ್ತ್ರ ಎಲ್ಲಿತ್ತು, ಆಯೀ?" ಅಂದ ಬಂಡು.

"ನಿನ್ನಿ ನೆನಪಾಗಲಿಲ್ಲ" ಅಂದರು ಮುದುಕಿ, ಮುಖ ತಿರುಗಿಸಿ.

ಮುಕುಂದ ಅತ್ತಿಗೆಯ ಕಡೆ ತಿರುಗಿ, "ಶಿಬಿರದಾಗ ದಿನಾ ಸಂಜಿಗಿ ಸಾಲಾಗಿ ನಿಲ್ಲಿಸಿ ಎಣಸ್ತಿದ್ರು, ವೈನೀ" ಅಂದ. "ನಂಬರ ಕೂಗಬೇಕು. ನಾ ನಂಬರ ಕೂಗಿದ ಮ್ಯಾಲೆ ಮನಸಿನ್ಯಾಗ ಕೇಶವ ಅಂತಿದ್ದೆ. ನೀವು ಬಂದ ಹೊಸದಾಗ ನಾ ಕೇಶವ ಇದ್ದೆನಲ್ಲ. ಅಷ್ಟ ಅಂದ್ರ ನಾ ಕಳದಿಲ್ಲ ಅಂತ ಅನಸ್ತಿತ್ತು." ಅವನು ಚಂದ್ರಿಯ ಕಡೆ ನೋಡಿದ. "ಅಕೀನೂ ಕಳದಿದ್ದಿಲ್ಲ, ಬಿಡ್ರಿ."

ದೀಪ ಹಚ್ಚುವ ಹೊತ್ತು. ಮಕ್ಕಳು ಸಾಲಾಗಿ ಕೂತವು. ಪಾರ್ವತೀಬಾಯಿ ಈ ಸಲ ಕಂದೀಲು ಹಿಡಿದು, ಒಂದೊಂದು ಗದ್ದ ಎತ್ತಿ ಮುಖ ನೋಡಿ ಹೆಸರಿಟ್ಟಳು. ಕೇಶವ, ನಾರಾಯಣ, ಮಾಧವ. ಮಾಧವ ಅಂದರೆ ವೇಣೂ. ಅವಳು "ಓ" ಅಂದು ವೈನಿಯ ಕೈಯನ್ನು ತಲೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದಳು. ಸಾಲು ಮುಂದುವರಿದು ದಾಮೋದರನಿಗೆ ಬಂತು. ಕೈ ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಖಾಲಿ ಜಾಗದ ಮೇಲೆ ಗಾಳಿಯಲ್ಲಿ ತಡೆದು, "ಸಂಕರ್ಷಣ" ಅಂದಳು.

"ಓ" ಎಂದಳು ಚಂದ್ರಿ. "ಅಕೀದು ನಾ ಅಂತೀನಿ. ಅಕಿ ಮನಿ ದೂರ ಅದ."

ಆಮೇಲೆ ಕಂಬಕ್ಕೆ ಒರಗಿ ಕೂತ ಗಡ್ಡದ ಮನುಷ್ಯನನ್ನು ಬಹಳ ಹೊತ್ತು ನೋಡಿದಳು. "ಮತ್ತ ಇವ್ರಿಗಿ ಯಾವ ಹೆಸರು, ವೈನೀ?"

"ನೀನs ಕರಕೊಂಡ ಬಾ, ಹೇಳ್ತೀನಿ."

ಚಂದ್ರಿ ಎದ್ದು ಹೋದಳು. ಎರಡು ಬೆರಳಿನಿಂದ ಅವನ ಅಂಗಿಯ ತೋಳು ಹಿಡಿದು ಎಳೆದಳು. ಮುಕುಂದ ಬಂದು ಸಾಲಿನ ಕೊನೆಗೆ ಕಾಲು ಮಡಚಿ ಕೂತು ತಲೆ ಬಗ್ಗಿಸಿದ.

"ವಾಸುದೇವ" ಅಂದಳು ಪಾರ್ವತೀಬಾಯಿ.

"ಕೇಶವ ಇದ್ದಾಂವ ಸಾಲಿನ ಕಡೀಗೆ ಬಂದೆ ನೋಡ್ರಿ" ಅಂದ ಮುಕುಂದ.

"ಮಾತಾಡಬಾರದು" ಎಂದಳು ಚಂದ್ರಿ. "ಓ ಅನ್ನು."

"ಓ" ಅಂದ.

ಪಾರ್ವತೀಬಾಯಿ ಎದ್ದು ಹೋಗಿ ಬಾಗಿಲು ಹಾಕಿದಳು.